ಪ್ರಭುದಾಸನಿಗಾಗಿ ಮಾಡಿದ ಪ್ರಾರ್ಥನೆ

ವೇದಿಕೆಯಲ್ಲಿ ಅಧ್ಯಕ್ಷರಾಗಿ ಕುಳಿತಿರುವ ನಮ್ಮ ಸಭಾಪಾಲಕರಾದ ಅಯ್ಯನವರೇ, ಇಷ್ಟು ಹೊತ್ತು ನನ್ನ ಕಥೆಗಳನ್ನು ಹೊಗಳಿ ನನ್ನನ್ನು ಮುಜುಗರಕ್ಕೂ ಕಥೆಗಳನ್ನು ಅನುಮಾನಕ್ಕೂ ಈಡುಮಾಡಿದ ಮುಖ್ಯ ಅತಿಥಿ, ನಿವೃತ್ತ ಪ್ರಾಧ್ಯಾಪಕ ಚಕ್ರಪಾಣಿಯವರೇ, ನಮ್ಮ ಸಭೆಯ ಮಾಸಪತ್ರಿಕೆ ‘ಸಭಾಂಗಳ’ದ ಸಂಪಾದಕರಾದ ಸಂಜೀವಯ್ಯನವರೇ, ಮಹಿಳಾ ಅನ್ಯೋನ್ಯ ಕೂಟದ ಅಕ್ಕಂದಿರೇ, ಬಿರಿಯಾನಿಯ ವಾಸನೆ ಬಂದಾಗಿನಿಂದ ಹಿಂದಿನ ಬಾಗಿಲನ್ನೇ ನೋಡುತ್ತಿರುವ ಯುವಜನರೇ, ಕರ್ತನಲ್ಲಿ ಪ್ರಿಯರಾದ ಎಲ್ಲ ಸಭಿಕರೇ,

ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ಜಯನಗರದ ಈ ಸಭಾಂಗಣದಲ್ಲಿ ತಿರುಗದ ಫ್ಯಾನು ಒಂದೇ ಒಂದು ಇದೆ, ಹುಡುಕಿ ಅದರ ಕೆಳಗೇ ಕೂರಿಸಿದ್ದೀರಿ. ಸನ್ಮಾನ ಯಾವುದು, ಸ್ನಾನ ಯಾವುದು ಎಂದು ತಿಳಿಯದಷ್ಟು ಬೆವರಿದ್ದೇನೆ. ಕ್ಷಮಿಸಿ, ಪ್ರಾಸ ನನಗೆ ಕೆಮ್ಮಿನ ಹಾಗೆ. ತಡೆಯಲು ಹೋದಷ್ಟೂ ಬರುತ್ತದೆ.

ಅಯ್ಯನವರು ನನಗೆ ಕೊಟ್ಟಿರುವ ವಿಷಯ ‘ಕ್ರೈಸ್ತ ಕಥೆಗಾರ್ತಿಯ ದೃಷ್ಟಿಯಲ್ಲಿ ಬದಲಾವಣೆ ಮತ್ತು ಹೊಸ ಆರಂಭ’. ಹೊಸ ಆರಂಭದ ಬಗ್ಗೆ ಮಾತಾಡುವ ಅರ್ಹತೆ ನನಗೆ ಇದೆಯೇ? ಇದೆ. ಬಿಟಿಎಂ ಲೇಔಟ್‌ನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಅಲ್ಲಿ ಬಾಡಿಗೆ ಕರಾರು ಟೈಪ್ ಮಾಡಿ ಮಾಡಿಯೇ ನನ್ನ ಸಂಸಾರ ನಡೆಯುವುದು. ಬಿಟಿಎಂನಲ್ಲಿ ಹೊಸ ಬದುಕು ಎಂದರೆ ಹನ್ನೊಂದು ತಿಂಗಳು. ಆಮೇಲೆ ಮಾಲೀಕರು ಒಪ್ಪಿದರೆ ಅದೇ ಬದುಕು, ಬಾಡಿಗೆ ಮಾತ್ರ ಹೊಸದು.

ಇನ್ನು ಕ್ರೈಸ್ತ ಕಥೆಗಾರ್ತಿ ಎಂದರೆ ಯಾರು? ನನ್ನ ಹೆಸರು ಸಂಗೀತಾ. ಹೆಸರು ನೋಡಿ ಕ್ವಾಯರ್‌ನವರು ಒಮ್ಮೆ ಹಾಡಿಸಿದರು, ಇನ್ನೊಮ್ಮೆ ಕರೆಯಲಿಲ್ಲ. ಆ ಬೇಸರಕ್ಕೆ ಕಥೆ ಬರೆಯಲು ಕುಳಿತೆ. ನನ್ನ ಕಥೆಗಳ ದಾರಿ ನಿಮಗೆಲ್ಲ ಬಾಯಿಪಾಠ. ಮೊದಲ ಪುಟದಲ್ಲಿ ಮದ್ಯ, ನಡುವೆ ವೈದ್ಯ, ಕೊನೆಯಲ್ಲಿ ಪದ್ಯ. ಗಂಡ ಕುಡಿಯುತ್ತಾನೆ, ಸ್ಕೂಟರಿನಿಂದ ಬೀಳುತ್ತಾನೆ, ಹೆಂಡತಿ ಐಸಿಯು ಬಾಗಿಲಲ್ಲಿ ಮೊಣಕಾಲೂರುತ್ತಾಳೆ, ಗಂಡ ಹಾಸಿಗೆಯ ಮೇಲೆ ಎದ್ದು ಕೂತು ಕೀರ್ತನೆ ಹಾಡುತ್ತಾನೆ. ಶ್ವಾಸಕೋಶ ಕೆಟ್ಟವನೂ ಹಾಡುತ್ತಿದ್ದ. ಈ ನಗರದ ಯಾವ ಆಸ್ಪತ್ರೆಯಲ್ಲೂ ಅಷ್ಟು ಜನ ವಾಸಿಯಾಗಿರಲಾರರು, ಅದೂ ಬಿಲ್ಲಿಲ್ಲದೆ. ನೀವು ಓದಿದಿರಿ, ಅತ್ತಿರಿ, ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದು “ಚೆನ್ನಾಗಿ ಬರೆದಿದ್ದೀಯಮ್ಮ” ಎಂದಿರಿ. ನಾನು ಬರೆದದ್ದನ್ನು ನಾನೂ ನಂಬಿದ್ದೆ.

ಈ ವರ್ಷ ‘ಲೀಲಾವತಿಯ ಮನೆ’ ಎಂಬ ಧಾರಾವಾಹಿ ಶುರುಮಾಡಿದೆ. ಲೀಲಾವತಿಯ ಗಂಡ ಪ್ರಭುದಾಸ, ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮನೆ ನಮ್ಮ ಹುಳಿಮಾವಿನಲ್ಲೇ. ಈ ಸಲ ಮದ್ಯವಿಲ್ಲ, ಒಳ್ಳೆಯ ಮನುಷ್ಯ. ಎರಡೂ ಕಿಡ್ನಿ ಕೆಟ್ಟಿವೆ, ಡಯಾಲಿಸಿಸ್ ನಡೆಯುತ್ತಿದೆ.

ಇಲ್ಲಿ ಚಕ್ರಪಾಣಿ ಸಾರ್‌ಗಾಗಿ ಒಂದು ಮಾತು. ಪ್ರತಿ ಶುಕ್ರವಾರ ಸಂಜೆ ನಮ್ಮ ಸಭೆಯವರು ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಸೇರುತ್ತೇವೆ. ಅದಕ್ಕೆ ಗೃಹಪ್ರಾರ್ಥನೆ ಎನ್ನುತ್ತೇವೆ. ಹಾಡು, ಬೈಬಲ್ ವಾಕ್ಯ, ಆಮೇಲೆ ಅಯ್ಯನವರು “ಪ್ರಾರ್ಥನಾ ವಿಷಯ ಇರುವವರು ಹೇಳಿ” ಎಂದು ಕೇಳುತ್ತಾರೆ. ಒಬ್ಬರು ಮಗನ ವೀಸಾ ಎನ್ನುತ್ತಾರೆ, ಇನ್ನೊಬ್ಬರು ಮಂಡಿನೋವು ಎನ್ನುತ್ತಾರೆ. ಎಲ್ಲಕ್ಕೂ ಪ್ರಾರ್ಥಿಸಿ ಉಪ್ಪಿಟ್ಟು ತಿಂದು ಏಳುತ್ತೇವೆ.

ಬನಶಂಕರಿಯ ಒಂದು ಮನೆಯಲ್ಲಿ ಹಾಗೆ ಸೇರಿದ್ದಾಗ ಮಹಿಳಾ ಕೂಟದ ಸುಗುಣಕ್ಕ ಎದ್ದು ನಿಂತರು. “ಪ್ರಭುದಾಸ್ ಅವ್ರಿಗೋಸ್ಕರ ಪ್ರಾರ್ಥನೆ ಮಾಡ್ಬೇಕು ಅಯ್ಯನೋರೇ. ಎರಡೂ ಕಿಡ್ನಿ ಹೋಗಿದೆ. ಹೆಂಡ್ತಿ ಒಬ್ಳೇ ಒದ್ದಾಡ್ತಿದ್ದಾಳೆ.”

ಅಯ್ಯನವರು ಕೇಳಿದರು, “ಯಾವ ಏರಿಯಾದವ್ರಮ್ಮ?”

“ಹುಳಿಮಾವು ಕಡೆ.”

ಹುಳಿಮಾವಿನ ಸಹೋದರ ಪ್ರಭುದಾಸನಿಗಾಗಿ ಅಯ್ಯನವರು ಕಣ್ಣು ಮುಚ್ಚಿ, ಧ್ವನಿ ಎತ್ತಿ ಪ್ರಾರ್ಥಿಸಿದರು. ನಾನು ಮೂಲೆಯಲ್ಲಿ ಕುಳಿತು “ಆಮೆನ್” ಎಂದೆ. ಮತ್ತೇನು ಮಾಡಲಿ? ಅಯ್ಯನವರೇ, ನಿಮ್ಮ ತಪ್ಪಿಲ್ಲ. ನಮ್ಮ ಪತ್ರಿಕೆಯ ಗೌರವ ಸಲಹೆಗಾರರಲ್ಲಿ ಪತ್ರಿಕೆ ಓದುವವರು ಮೊದಲಿನಿಂದಲೂ ಕಡಿಮೆ. ಆಮೇಲೆ ವಿಷಯ ತಿಳಿದಾಗ ನೀವೂ ನಕ್ಕಿರಿ. ಆದರೆ ಯಾರೂ ಪ್ರಾರ್ಥನೆ ನಿಲ್ಲಿಸಲಿಲ್ಲ. ಮುಂದಿನ ಶುಕ್ರವಾರ ಇನ್ನೊಬ್ಬರು ಎದ್ದರು, “ಪ್ರಭುದಾಸ್ ಹೆಂಗಿದ್ದಾರಂತೆ?” ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಹೊಸ ಸಂಚಿಕೆ ಬರುವವರೆಗೆ ನನಗೂ ಗೊತ್ತಿಲ್ಲ ಎಂದೆ.

ಆ ಮೊದಲ ಶುಕ್ರವಾರ ಬಸ್ ಸ್ಟಾಪಿನವರೆಗೆ ಸುಗುಣಕ್ಕನ ಜೊತೆ ನಡೆದೆ.

“ಅಕ್ಕ, ಪ್ರಭುದಾಸ ಕಥೆಯವನು. ಅಂಥ ಮನುಷ್ಯನೇ ಇಲ್ಲ.”

“ಅಷ್ಟೂ ಗೊತ್ತಿಲ್ವೇನೇ ನಂಗೆ? ಬಿ.ಎ. ಮಾಡಿರೋಳು ನೀನೊಬ್ಳೇನಾ?”

“ಮತ್ತೆ ಯಾಕೆ ಹೇಳಿದ್ರಿ?”

“ನಿನ್ ಗಂಡನ್ ವಿಷ್ಯದಲ್ಲಿ ನಮ್ ಕೈಲಿ ಏನೂ ಆಗ್ಲಿಲ್ಲ. ಇವನಾದ್ರೂ ಎದ್ದು ಓಡಾಡ್ಲಿ ಅಂತ. ಈ ಸಲ ಎಲ್ಲಾ ನಿನ್ ಕೈಲೇ ಇದ್ಯಲ್ಲ ಸಂಗೀತಾ, ಸುಮ್ನೆ ಬದುಕಿಸ್ಬಿಡು.”

ದೇವರಿಗೆ ಹೋಗಬೇಕಾದ ಅರ್ಜಿ ಬಿಟಿಎಂನ ಡಿಟಿಪಿ ಅಂಗಡಿಗೆ ಬಂದಿತ್ತು.

ಹೋದ ವಾರ ಸಂಜೀವಯ್ಯನವರೂ ಅಂಗಡಿಗೆ ಬಂದರು. ಪ್ರಭುದಾಸ ಉಳಿಯುವುದಿಲ್ಲವೇನೋ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. “ನೋಡಮ್ಮ, ಕೊನೇ ಕಂತು ಬರೋದು ಕ್ರಿಸ್‌ಮಸ್ ಸಂಚಿಕೇಲಿ. ಮನೇಲಿ ಹೆಣ ಇಟ್ಕೊಂಡು ಕ್ಯಾರಲ್ ಹಾಡಕ್ಕಾಗುತ್ತಾ? ಎಬ್ಬಿಸಿ ನಿಲ್ಸು. ಬೇಕಾದ್ರೆ ಕಿಡ್ನಿ ನಾನೇ ಕೊಡಿಸ್ತೀನಿ.” ನಾನು ನಕ್ಕೆ. ಅವರು ನಗಲಿಲ್ಲ. “ನೀನು ಬರೀದೇ ಇದ್ರೆ ನಾನೇ ಎರಡು ಪ್ಯಾರಾ ಹಾಕಿ ಮುಗಿಸ್ತೀನಿ. ಸನ್ಮಾನದ ದಿನ ಮೈಕಲ್ಲಿ ನೀನೇ ಹೇಳು, ಪ್ರಭುದಾಸ್ ಬದುಕಿದ್ರು ಅಂತ. ಎಲ್ರಿಗೂ ಸಂತೋಷ ಆಗುತ್ತೆ.” ಈ ದಿನ ನೀವೆಲ್ಲ ಕಾಯುತ್ತಿರುವುದು ಆ ಮಾತಿಗೆ. ಚಕ್ರಪಾಣಿ ಸಾರ್ ಕೂಡ ತಮ್ಮ ಭಾಷಣದಲ್ಲಿ ಪ್ರಭುದಾಸ ಉಳಿಯಲಿ ಎಂದು ಹಾರೈಸಿದರು.

ಸ್ವಂತ ವಿಷಯ ಮಾತಾಡುವುದಿಲ್ಲ ಎಂದುಕೊಂಡೇ ಮೈಕಿನ ಮುಂದೆ ಬಂದೆ. ಇಷ್ಟಾದ ಮೇಲೆ ಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ.

ನನ್ನ ಯಜಮಾನರು ಸತ್ಯಮಿತ್ರ. ಅವರಿಗೂ ಕಿಡ್ನಿಯದೇ ಕಾಯಿಲೆ. ಅವರಿಗಾಗಿ ನೀವು ಮಾಡಿದ ಪ್ರಾರ್ಥನೆಯಲ್ಲಿ ಕೊರತೆ ಇತ್ತೇ? ಇಲ್ಲ. ಉಪವಾಸ ಮಾಡಿದಿರಿ. ಡಯಾಲಿಸಿಸ್ ಇದ್ದ ದಿನ ಯಾರಾದರೊಬ್ಬರು ಫ್ಲಾಸ್ಕ್ ಹಿಡಿದು ಬರುತ್ತಿದ್ದಿರಿ. ಅವರಿಗೆ ನೀರು ಅಳತೆಯಲ್ಲಿ ಕೊಡಬೇಕಿತ್ತು, ಹಾಗಾಗಿ ನೀವು ತಂದ ಗಂಜಿಯನ್ನೆಲ್ಲ ನಾನೇ ಕುಡಿದು ದಪ್ಪಗಾದೆ. ಅವರು ಹಾಸಿಗೆಯಿಂದ ನೋಡಿ ಹೇಳುತ್ತಿದ್ದರು, “ನಿನ್ ಕಥೆ ಆಗಿದ್ರೆ ಇಷ್ಟೊತ್ತಿಗೆ ನಾನು ಎದ್ದು ಹಾಡ್ತಿರ್ಬೇಕಿತ್ತು ಕಣೇ. ಯಾವ ಪುಟದಲ್ಲಿದ್ದೀವಿ ನಾವು?”

ಅವರು ಹಾಡಲಿಲ್ಲ. ಅವರನ್ನು ಮಣ್ಣು ಮಾಡಿದ ದಿನ ನೀವೆಲ್ಲ ಇದ್ದಿರಿ.

ಆಮೇಲೆ ಏನಾಯಿತು? ಕೃತಜ್ಞತಾ ಆರಾಧನೆ ಬಂತು. ಆ ವರ್ಷ ವಾಸಿಯಾದವರು ಒಬ್ಬೊಬ್ಬರಾಗಿ ಮುಂದೆ ಹೋಗಿ, ದೇವರು ತಮ್ಮನ್ನು ಗುಣಪಡಿಸಿದನೆಂದು ಸಾಕ್ಷಿ ಹೇಳಿದರು. ಬೈಪಾಸ್ ಆದವರು ಹೇಳಿದರು, ಡೆಂಗಿ ಗೆದ್ದವರು ಹೇಳಿದರು. ನನಗೆ ಅಸೂಯೆ ಆಗಲಿಲ್ಲ, ನಿಜ ಹೇಳುತ್ತೇನೆ. ಸ್ವಲ್ಪ ಆಯಿತು. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಹುಟ್ಟಿತು. ವಾಸಿಯಾಗದವರ ಮನೆಯವರು ಎಲ್ಲಿ ಹೋಗಿ ನಿಲ್ಲಬೇಕು? ಯಾವ ಮೈಕಿನ ಮುಂದೆ? ಏನೆಂದು ಸಾಕ್ಷಿ ಹೇಳಬೇಕು?

ಗೃಹಪ್ರಾರ್ಥನೆಯ ಸರದಿ ಹುಳಿಮಾವಿಗೂ ಬಂತು. ನಮ್ಮ ಮನೆಯನ್ನು ದಾಟಿ ಅರಕೆರೆಗೆ ಹೋಯಿತು. ಮುಂದಿನ ಸರದಿಯಲ್ಲೂ ಹಾಗೇ ಆಯಿತು. “ಪಾಪ, ಅವಳಿಗ್ಯಾಕೆ ತೊಂದ್ರೆ” ಎಂದು ಯಾರೋ ಹೇಳಿದ್ದು ನನಗೆ ಕೇಳಿಸಿತು. ಕರುಣೆಯಿಂದಲೇ ಹೇಳಿದ ಮಾತು. ಕರುಣೆಯಿಂದಲೇ ನನ್ನ ಮನೆಯ ಬಾಗಿಲು ದಾಟಿ ಹೋದಿರಿ. ಅಲ್ಲಿಗೆ ಬಂದರೆ ಏನು ಪ್ರಾರ್ಥಿಸಬೇಕು ಎಂದು ನಿಮಗೆ ತಿಳಿಯಲಿಲ್ಲ, ಅಲ್ಲವೇ? ನನಗೂ ತಿಳಿಯಲಿಲ್ಲ. ಹಾಗಾಗಿ ನಾನೂ ಕರೆಯಲಿಲ್ಲ.

ಇಷ್ಟೆಲ್ಲ ಇದ್ದರೂ, ಸಂಜೀವಯ್ಯನವರೇ, ನೀವು ಹೇಳಿದಂತೆಯೇ ನಾನು ಮೊದಲು ಬರೆದೆ. ದಾನಿ ಸಿಕ್ಕಿದ, ಕಿಡ್ನಿ ಹೊಂದಿತು, ಕ್ರಿಸ್‌ಮಸ್ ಬೆಳಿಗ್ಗೆ ಪ್ರಭುದಾಸ ಹೆಂಡತಿಯ ಕೈಹಿಡಿದು ಆರಾಧನೆಗೆ ಬಂದ. ಬಹಳ ಚೆನ್ನಾಗಿತ್ತು. ಬರೆದು ನಾನೇ ಅತ್ತೆ. ನನ್ನ ಮಗಳು ಇಂಚರ, ಪಿಯುಸಿ ಓದುತ್ತಿದ್ದಾಳೆ, ಅದನ್ನು ನಿಂತಲ್ಲೇ ಓದಿದಳು.

“ಚೆನ್ನಾಗಿದೆ ಅಮ್ಮ. ಎಲ್ರೂ ಅಳ್ತಾರೆ.”

“ಹೌದಾ?”

“ಹೂಂ. ಇವ್ರೆಲ್ಲ ಮನಸ್ಸಿಟ್ಟು ಪ್ರಾರ್ಥನೆ ಮಾಡಿದ್ರು, ಅಂಕಲ್ ಬದುಕಿದ್ರು. ಹಂಗಾದ್ರೆ ಅಪ್ಪಂಗೆ ನಾವು ಸರಿಯಾಗಿ ಮಾಡ್ಲಿಲ್ಲ ಅಂತಾನಾ?”

ಅವಳು ಜಗಳಕ್ಕೆ ಕೇಳಲಿಲ್ಲ. ಲೆಕ್ಕ ಬಿಡಿಸುವಾಗ ನಡುವೆ ಏನೋ ಅನುಮಾನ ಬಂದವಳ ಹಾಗೆ ಕೇಳಿ, ಬ್ಯಾಗ್ ಹಾಕಿಕೊಂಡು ಟ್ಯೂಷನ್‌ಗೆ ಹೋದಳು. ಅಪ್ಪನ ತಲೆದೆಸೆಯಲ್ಲಿ ಮಂಡಿಯೂರಿ ಅವಳು ಮಾಡಿದ ಪ್ರಾರ್ಥನೆ ನನಗೆ ಗೊತ್ತು. ಅದಕ್ಕಿಂತ ಸರಿಯಾಗಿ ಈ ಲೋಕದಲ್ಲಿ ಯಾರೂ ಪ್ರಾರ್ಥಿಸಲಾರರು. ಅಂಥವಳ ಎದೆಗೆ ನನ್ನ ಕಥೆ ಇಂಥ ಪ್ರಶ್ನೆ ತಂದು ಹಾಕುವುದಾದರೆ, ಆ ಕಥೆ ಯಾರನ್ನು ಕಾಪಾಡಿತು? ಇಷ್ಟು ವರ್ಷ ನನ್ನ ಕಥೆ ಓದಿ, ಕಣ್ಣು ಒರೆಸಿಕೊಂಡು, ತಮ್ಮ ಪ್ರಾರ್ಥನೆಯಲ್ಲೇ ಏನೋ ಐಬಿತ್ತು ಎಂದುಕೊಂಡು ಮನೆಗೆ ಹೋದವರು ಈ ಸಭಾಂಗಣದಲ್ಲಿ ಎಷ್ಟು ಜನರಿದ್ದೀರಿ? ಕೈ ಎತ್ತಬೇಡಿ. ನನಗೆ ಎಣಿಸುವ ಧೈರ್ಯವಿಲ್ಲ.

ಆ ಕಂತನ್ನು ಅಳಿಸಿಹಾಕಿ ಇನ್ನೊಂದು ಬರೆದೆ. ಸಭಿಕರೇ, ನೀವು ಕಾಯುತ್ತಿರುವ ಮಾತು ಹೇಳುತ್ತೇನೆ.

ಪ್ರಭುದಾಸ ತೀರಿಕೊಂಡಿದ್ದಾನೆ.

ಸಂಜೀವಯ್ಯನವರೇ, ದಯವಿಟ್ಟು ಕೂತುಕೊಳ್ಳಿ. ಇನ್ನೂ ಮುಗಿದಿಲ್ಲ. ಅವನು ಮೊದಲ ಪ್ಯಾರಾದಲ್ಲೇ ತೀರಿಕೊಳ್ಳುತ್ತಾನೆ. ಉಳಿದ ಕಂತೆಲ್ಲ ಲೀಲಾವತಿಯದು. ಒಂದು ಶುಕ್ರವಾರ ಅವಳು ಮನೆ ಒರೆಸಿ, ಪಕ್ಕದ ಮನೆಯಿಂದ ಕುರ್ಚಿ ತಂದು, ಬಾಗಿಲು ತೆರೆದಿಡುತ್ತಾಳೆ. ಸಭೆಯವರು ಬರುತ್ತಾರೆ. ಹಾಡುತ್ತಾರೆ. ಆಮೇಲೆ ಏನು ಪ್ರಾರ್ಥಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಕೊನೆಗೆ ಒಬ್ಬರು ಕೇಳುತ್ತಾರೆ, “ಪ್ರಾರ್ಥನಾ ವಿಷಯ ಏನಮ್ಮ?” ಲೀಲಾವತಿ ಹೇಳುತ್ತಾಳೆ, “ನಾಳೆ ಬೆಳಿಗ್ಗೆ ಎದ್ದೇಳ್ಬೇಕು. ಅಷ್ಟಕ್ಕೆ ಪ್ರಾರ್ಥನೆ ಮಾಡಿ.” ಎಲ್ಲರೂ ಅಷ್ಟಕ್ಕೆ ಪ್ರಾರ್ಥಿಸುತ್ತಾರೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಇದು ನಂಬಿಕೆ ಇಲ್ಲದ ಕಥೆಯೇ? ಕೇಳಿದ್ದು ಸಿಕ್ಕಿದ ಮೇಲೆ ಸ್ತೋತ್ರ ಹೇಳುವುದು ಸುಲಭ. ಸಿಗದೆ ಹೋದ ಮೇಲೂ ಬಾಗಿಲು ತೆರೆದು ಕುರ್ಚಿ ಹಾಕಿದವಳಿಗೆ ನಂಬಿಕೆ ಇಲ್ಲ ಎನ್ನುವಿರಾ? ನಾನು ದೇವರನ್ನು ಬಿಟ್ಟಿಲ್ಲ. ಆ ಮದ್ಯ, ವೈದ್ಯ, ಪದ್ಯವನ್ನು ಬಿಟ್ಟಿದ್ದೇನೆ. ಇನ್ನು ನನ್ನ ಕಥೆಗಳಲ್ಲಿ ಕೆಲವರು ವಾಸಿಯಾಗುತ್ತಾರೆ, ಕೆಲವರು ಆಗುವುದಿಲ್ಲ. ಇಬ್ಬರ ಮನೆಗೂ ಹೋಗುತ್ತೇನೆ. ನೀವು ಕೇಳಿದ ಬದಲಾವಣೆ ಇಷ್ಟೇ, ಅಯ್ಯನವರೇ.

ಕಂತಿನ ಪ್ರತಿಯನ್ನು ಈ ಬೆಳಿಗ್ಗೆ ಸಂಪಾದಕರ ಕೈಗೆ ಕೊಟ್ಟಿದ್ದೇನೆ, ಅವರಿನ್ನೂ ಓದಿಲ್ಲವೆಂದು ಕಾಣುತ್ತದೆ. ಅಚ್ಚು ಹಾಕುವುದು ಬಿಡುವುದು ಅವರ ಅಧಿಕಾರ. ಎರಡು ಪ್ಯಾರಾ ಅವರೇ ಬರೆಯುವುದಾದರೆ ಕೆಳಗೆ ಅವರ ಹೆಸರೇ ಇರಲಿ. ನನ್ನದನ್ನು ನನ್ನ ಅಂಗಡಿಯ ಪ್ರಿಂಟರಿನಲ್ಲಿ ತೆಗೆದು, ಕ್ರಿಸ್‌ಮಸ್ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಒಬ್ಬೊಬ್ಬರಿಗೂ ಕೊಡುತ್ತೇನೆ. ಇದು ಬೆದರಿಕೆ ಅಲ್ಲ. ಬೆದರಿಕೆಯಾಗಿದ್ದರೆ ಪ್ರಾಸದಲ್ಲಿ ಹೇಳುತ್ತಿದ್ದೆ.

ಸುಗುಣಕ್ಕ, ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೀರಿ. ಬದುಕಿಸು ಎಂದಿರಿ, ನಾನು ಬದುಕಿಸಲಿಲ್ಲ. ಕೋಪ ಮಾಡಿಕೊಳ್ಳಿ, ನಿಮಗೆ ಆ ಹಕ್ಕಿದೆ. ನಿಮ್ಮ ಕೈಲಿ ಏನೂ ಆಗಲಿಲ್ಲ ಎಂದಿರಲ್ಲ, ಆಗುವುದೊಂದು ಇನ್ನೂ ಉಳಿದಿದೆ. ಬರುವ ಶುಕ್ರವಾರದ ಗೃಹಪ್ರಾರ್ಥನೆ ಯಾರ ಮನೆಯಲ್ಲಿ ಎಂದು ಅಯ್ಯನವರು ಇನ್ನೂ ಪ್ರಕಟಿಸಿಲ್ಲ. ಅವರ ಅಪ್ಪಣೆ ಕೇಳದೆ ನಾನೇ ಪ್ರಕಟಿಸುತ್ತಿದ್ದೇನೆ. ಹುಳಿಮಾವು, ಕೆರೆಯ ಹಿಂದಿನ ರಸ್ತೆ, ನಮ್ಮ ಮನೆ. ಏನು ಪ್ರಾರ್ಥಿಸಬೇಕು ಎಂದು ತಿಳಿಯದವರು ತಪ್ಪದೆ ಬನ್ನಿ. ಸುಗುಣಕ್ಕ, ಮೊದಲು ಎದ್ದು ನಿಂತು ವಿಷಯ ಹೇಳುವವರು ನೀವೇ ಆಗಬೇಕು. ಪ್ರಭುದಾಸನನ್ನು ಇನ್ನು ಬಿಟ್ಟುಬಿಡಿ. ಸಂಗೀತಾ ಎಂದು ಒಬ್ಬಳಿದ್ದಾಳೆ, ಇಂಚರ ಎಂದು ಇನ್ನೊಬ್ಬಳಿದ್ದಾಳೆ. ಇಬ್ಬರೂ ನಿಜವಾದವರು. ಆ ಇಬ್ಬರ ಹೆಸರು ಹೇಳಿ.

ಬಿರಿಯಾನಿ ಆರುವ ಮೊದಲು ಮಾತು ಮುಗಿಸಲು ಬಿಟ್ಟದ್ದಕ್ಕೆ, ಬೇಡವಾದ ಸುದ್ದಿಯನ್ನೂ ಎದ್ದು ಹೋಗದೆ ಕೇಳಿದ್ದಕ್ಕೆ, ಅಂದು ಫ್ಲಾಸ್ಕ್ ಹಿಡಿದು ಆಸ್ಪತ್ರೆಗೆ ಬಂದದ್ದಕ್ಕೆ, ನಿಮ್ಮೆಲ್ಲರಿಗೂ ನನ್ನ ವಂದನೆಗಳು. ಶುಕ್ರವಾರ ಬಾಗಿಲು ತೆರೆದೇ ಇರುತ್ತದೆ.

ನಮಸ್ಕಾರ.