ನಕ್ಕಳು, ಉತ್ತರ ಕೊಡಲಿಲ್ಲ

ವೇದಿಕೆಯ ಮೇಲಿರುವ ಹಿರಿಯರಿಗೆ, ವೈದ್ಯರಿಗೆ, ಸಿಸ್ಟರ್‌ಗಳಿಗೆ, ಕುಷ್ಟಗಿಯಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮನ್ನು ಅಗಲಿದ ಡಾ. ಖುರ್ಷಿದಾ ಮೇಡಂ ಅವರ ಅಕ್ಕ ಸೈದಾನಬಿ ಅವರಿಗೆ, ತಮ್ಮ ಇಲಿಯಾಸ ಅವರಿಗೆ — ನನ್ನ ನಮಸ್ಕಾರಗಳು. ನಿಮ್ಮ ದುಃಖದ ಮುಂದೆ ನಿಂತು ಮಾತಾಡುವ ಯೋಗ್ಯತೆ ನನಗಿಲ್ಲ. ಆದರೂ ಕರೆದಿದ್ದೀರಿ, ನಿಂತಿದ್ದೇನೆ.

ನಾನು ವಿರುಪಾಕ್ಷಿ. ಡಾಕ್ಟರಲ್ಲ. ರಕ್ತನಿಧಿಯಲ್ಲಿ ಟೆಕ್ನಿಷಿಯನ್ ಆಗಿದ್ದವನು. ಮೇಡಂ ಅವರ ಕೈಕೆಳಗೆ ಹದಿನೆಂಟು ವರ್ಷ ದುಡಿದವನು. ಕಾರ್ಯಕ್ರಮ ನಡೆಸುತ್ತಿರುವ ಪರಮೇಶ ಅವರು ಐದೇ ನಿಮಿಷ ಅಂದಿದ್ದಾರೆ. ಹೆಚ್ಚಾದರೆ ಅಂಗಿ ಜಗ್ಗಿರಿ.

ನನಗಿಂತ ಮೊದಲು ಮಾತಾಡಿದ ದೊಡ್ಡ ಡಾಕ್ಟರರು ಮೇಡಂ ಬರೆದ ಸಂಶೋಧನೆಗಳ ಬಗ್ಗೆ ಹೇಳಿದರು. ರಕ್ತ ಏರಿಸಿದ ಮೇಲೆ ಬರುವ ಚಳಿಜ್ವರ, ಕಿಡ್ನಿ ನಿಲ್ಲುವುದು, ಮತ್ತೆ ಮತ್ತೆ ರಕ್ತ ಪಡೆಯುವ ಮಕ್ಕಳ ಮೈಯಲ್ಲಿ ಕಬ್ಬಿಣದ ಅಂಶ ಕೂಡುವುದು — ಎಲ್ಲ ಹೇಳಿದರು. ಎಲ್ಲಾ ಇಂಗ್ಲಿಷಿನಲ್ಲಿವೆ. ನನ್ನ ಇಂಗ್ಲಿಷು ಪಿಯುಸಿಯದು, ಅದೂ ಗಂಗಾವತಿಯ ಕಾಲೇಜಿನ ಹಿಂದಿನ ಬೆಂಚಿನದು. ಕೊಡುವ ರಕ್ತಕ್ಕೂ ಪಡೆಯುವವರ ರಕ್ತಕ್ಕೂ ಹೊಂದಿಕೆ ನೋಡುವುದಕ್ಕೆ ನಾವು ಕ್ರಾಸ್‌ಮ್ಯಾಚ್ ಅನ್ನುತ್ತೇವೆ. ನಾನು ಬರೆದ ರಿಪೋರ್ಟ್ ನೋಡಿ ಮೇಡಂ ಒಮ್ಮೆ ಅಂದಿದ್ದರು, “ವಿರುಪಾಕ್ಷಿಯವರ, ರಕ್ತ ಬಿಡ್ರಿ, ಮೊದಲ ನಿಮ್ಮ ಇಂಗ್ಲಿಷಿಗೆ ಕ್ರಾಸ್‌ಮ್ಯಾಚ್ ಮಾಡಬೇಕ್ರಿ.” ಲ್ಯಾಬಿನವರೆಲ್ಲ ನಕ್ಕರು. ನಾನೂ ನಕ್ಕೆ.

ಆದರೆ ಆ ಬರಹಗಳಲ್ಲಿ ಒಂದನ್ನು ನಾನು ಪೂರಾ ಓದಿದ್ದೇನೆ. ಡಿಕ್ಷನರಿ ಹಿಡಿದು ನಾಲ್ಕು ದಿನ ಓದಿದ್ದೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ — ಈ ನಾಲ್ಕು ತಾಲೂಕುಗಳಲ್ಲಿ ಒಬ್ಬರಿಗೆ ಏರಿಸಬೇಕಾದ ರಕ್ತ ಇನ್ನೊಬ್ಬರಿಗೆ ಏರಿದ ಹನ್ನೊಂದು ಪ್ರಕರಣಗಳು. ಮೇಡಂ ಬಸ್ಸಿನಲ್ಲಿ ಊರೂರು ಅಡ್ಡಾಡಿ ಬರೆದದ್ದು. ಅದರಲ್ಲಿ ಏಳನೇ ಕೇಸು — ಕೇಸ್ ನಂಬರ್ ಸೆವೆನ್ — ಅದರ ಬಗ್ಗೆ ಇವತ್ತು ಹೇಳಬೇಕು.

ನಿಮಗೆಲ್ಲ ಗೊತ್ತಿರುವುದೇ. ನಮ್ಮ ಕಡೆ ಹುಲಿಗಿ ಊರಿನ ದೇವಿಗೆ ಹರಕೆ ಹೊತ್ತು ಹುಟ್ಟಿದ ಹೆಣ್ಣುಮಕ್ಕಳೆಲ್ಲ ಹುಲಿಗವ್ವಗಳೇ. ಒಂದು ವಾರ್ಡಿನಲ್ಲಿ ನಿಂತು ಕೂಗಿದರೆ ಮೂವರು ಓಗೊಡುತ್ತಾರೆ. ಹದಿನಾರು ವರ್ಷದ ಹಿಂದೆ, ನಾವು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ — ಅದು ಈಗ ಮುಚ್ಚಿಹೋಗಿದೆ, ಹೆಸರು ಬೇಡ — ಒಂದೇ ದಿನ ಇಬ್ಬರು ಹುಲಿಗವ್ವಗಳಿಗೆ ರಕ್ತ ಬೇಕಾಯಿತು. ಒಬ್ಬಳು ಯಲಬುರ್ಗಾ ಕಡೆಯ ಬಾಣಂತಿ, ಗಂಡ ಓಬಳೆಪ್ಪ. ಇನ್ನೊಬ್ಬಳಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಗಂಡ — ಗಂಡ ವಿರುಪಾಕ್ಷಿ.

ಹೌದು. ಏಳನೇ ಕೇಸು ನನ್ನ ಹೆಂಡತಿ. ಇಷ್ಟು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಮುಂದಿನದು ಗೊತ್ತಿಲ್ಲ.

ಬೆಳಗ್ಗೆ ಹನ್ನೊಂದಕ್ಕೆ ಎರಡೂ ಚೀಲ ನಾನೇ ತಯಾರು ಮಾಡಿದೆ. ಚೀಟಿ ಸರಿಯಾಗಿಯೇ ಅಂಟಿಸಿದೆ, ಹೆಸರು, ಗಂಡನ ಹೆಸರು, ಗುಂಪು. ಒಂದು ಹೊತ್ತಿಗೆ ಒಂದೇ ಚೀಲ ಕೊಡಬೇಕು, ಅದು ಏರಿದ ಮೇಲೆ ಇನ್ನೊಂದು — ಇದು ಮೇಡಂ ಗೋಡೆಗೆ ಬರೆಸಿದ್ದ ನಿಯಮ. ರಕ್ತನಿಧಿಯ ಕಿಟಕಿಗೆ ಬಂದದ್ದು ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿದ್ದ ಸಿಸ್ಟರ್. ಯಾರ ಪರಿಚಯವೂ ಇನ್ನೂ ಇಲ್ಲ. ನನ್ನನ್ನು ಲ್ಯಾಬ್ ಅಣ್ಣ ಅನ್ನುತ್ತಿದ್ದಳು, ಹೆಸರೂ ಗೊತ್ತಿರಲಿಲ್ಲ.

“ಒಂದೊಂದಽ ಕೊಡ್ರಿ ಅಣ್ಣಾ,” ಅಂದಳು.

“ಎರಡೂ ಒಯ್ಯವ್ವಾ. ಮತ್ತೊಮ್ಮೆ ಯಾಕ ಅಡ್ಡಾಡ್ತಿ,” ಅಂದೆ.

ಕಿಟಕಿಯಲ್ಲಿ ಹೀಗೆ ಎರಡೂ ಕೈಯಿಂದ ತಳ್ಳಿದೆ. ಅವಳ ಕಾಲಿನ ಮೇಲಿನ ಕರುಣೆಯಿಂದಲ್ಲ. ನನ್ನ ಹೆಂಡತಿಗೆ ಬೇಗ ಮುಟ್ಟಲಿ ಅಂತ. ಒಂದು ನನ್ನ ಮನೆಯವಳಿಗೆ ಅಂತ ಬಾಯಿಬಿಟ್ಟು ಹೇಳಲೂ ಇಲ್ಲ. ಹೆಂಡತಿ ವಿಷಯ ಹೊರಗೆ ಆಡುವ ರೂಢಿ ನಮ್ಮಲ್ಲಿ ಇರಲಿಲ್ಲ.

ಸಿಸ್ಟರ್ ವಾರ್ಡಿಗೆ ಹೋದಳು. ಕೇಸ್ ಹಾಳೆ ಡಾಕ್ಟರ ಜೊತೆ ರೌಂಡಿಗೆ ಹೋಗಿತ್ತು. ಹೆಸರು ಕೇಳಿದಳು. ಹುಲಿಗವ್ವ. ಎರಡು ಚೀಲದ ಮೇಲೂ ಹುಲಿಗವ್ವ. ಗಂಡನ ಹೆಸರು ಕೇಳಿದಳು. ನನ್ನ ಹೆಂಡತಿ ಸೆರಗು ಬಾಯಿಗೆ ಹಚ್ಚಿದಳು. ಬಾಜೂ ಹಾಸಿಗೆಯ ಮುದುಕಿ, “ಗಂಡನ ಹೆಸರ ಹ್ಯಾಂಗ ಹೇಳ್ತಾಳಬೇ, ನಿನಗ ಲಗ್ನ ಆಗಿಲ್ಲೇನು,” ಅಂದಳಂತೆ. ವಾರ್ಡಿಗೆ ವಾರ್ಡೇ ನಕ್ಕಿತಂತೆ. ಆ ಹುಡುಗಿ ನಾಚಿಕೊಂಡು ಮೇಲಿದ್ದ ಚೀಲ ಏರಿಸಿದಳು.

ಮೇಡಂ ಇದನ್ನು ಹೇಗೆ ಬರೆದಿದ್ದಾರೆ ಗೊತ್ತೇ? ಒಂದೇ ಸಾಲು. ಇಡೀ ಬರಹದಲ್ಲಿ ನನಗೆ ಬಾಯಿಪಾಠ ಇರುವುದು ಅದೊಂದೇ. ದಿ ಪೇಷಂಟ್ ಸ್ಮೈಲ್ಡ್ ಅಂಡ್ ಡಿಡ್ ನಾಟ್ ಆನ್ಸರ್. ನಕ್ಕಳು, ಉತ್ತರ ಕೊಡಲಿಲ್ಲ. ನನ್ನ ಮನೆಯಲ್ಲಿ ಅವಳ ಫೋಟೋ ಒಂದೇ ಒಂದು ಇದೆ, ರೇಷನ್ ಕಾರ್ಡಿನದು. ಅದರಲ್ಲಿ ನಗುವಿಲ್ಲ. ಅವಳ ನಗು ಇರುವುದು ಆ ಸಾಲಿನಲ್ಲಿ ಮಾತ್ರ.

ಅವಳದು ಓ ಗುಂಪು. ಏರಿದ್ದು ಆ ಬಾಣಂತಿಗೆ ಇಟ್ಟಿದ್ದ ಬಿ. ಹತ್ತು ನಿಮಿಷಕ್ಕೆ ನನ್ನನ್ನು ಕರೆದರು. “ಸೊಂಟ ಕಡಿಲಿಕತ್ತೈತ್ರಿ, ಚಳಿ ಚಳಿ,” ಅಂದಳು. ನಾನು ಅವಳ ಕಾಲು ಒತ್ತುತ್ತಾ ಕುಳಿತೆ. ತಲೆ ಎತ್ತಿ ಚೀಲ ನೋಡಿದ್ದು ಆಮೇಲೆ.

ಮೂರನೇ ದಿನ ಹೋದಳು. ನಾಲ್ಕನೇ ದಿನ ಆ ಸಿಸ್ಟರನ್ನು ಕೆಲಸದಿಂದ ತೆಗೆದರು.

ಸ್ವಲ್ಪ — ಸ್ವಲ್ಪ ನೀರು ಕೊಡ್ರಿ.

ನಾನು ಏನು ಮಾಡಿದೆ? ರಿಜಿಸ್ಟರಿನಲ್ಲಿ ಮೊದಲ ಚೀಲ ಹನ್ನೊಂದು ಹತ್ತಕ್ಕೆ, ಎರಡನೇದು ಹನ್ನೊಂದು ನಲವತ್ತಕ್ಕೆ ಅಂತ, ನಿಯಮದಂತೆ ಒಂದೊಂದೇ ಕೊಟ್ಟ ಹಾಗೆ ಬರೆದೆ. ಹೆಂಡತಿ ಸತ್ತವನನ್ನು ಯಾರು ಪ್ರಶ್ನೆ ಮಾಡುತ್ತಾರೆ? ಎಲ್ಲರೂ ಬಂದು ಹೆಗಲು ಮುಟ್ಟಿ ಹೋದರು. ಮೇಡಂ ಒಬ್ಬರೇ ರಿಜಿಸ್ಟರ್ ತೆರೆದು ನನ್ನ ಮುಂದೆ ಇಟ್ಟರು. ಸಿಟ್ಟಿಲ್ಲ, ಏನಿಲ್ಲ.

“ಹನ್ನೊಂದು ನಲವತ್ತಕ್ಕ ನೀವು ಕಿಟಕ್ಯಾಗ ಇರಲಿಲ್ಲಲ್ರಿ. ವಾರ್ಡಿನ್ಯಾಗ ಅಕಿ ಕಾಲ ಒತ್ತಕೋತ ಕುಂತಿದ್ರಿ. ನಾ ನೋಡೇನಿ.”

ನಾನು ಅತ್ತುಬಿಟ್ಟೆ. ಅವರು ರಿಜಿಸ್ಟರ್ ಮುಚ್ಚಿದರು. ಆಮೇಲೆ ಅಂದರು, “ನಾ ಬರೀತೀನ್ರಿ, ಎರಡೂ ಕೂಡೇ ಕೊಟ್ರು ಅಂತ. ನಿಮ್ಮ ಹೆಸರ ಬರಿಯಂಗಿಲ್ಲ. ಆದ್ರ ಆ ಹುಡುಗಿ ಮುಂದ ನೀವಽ ಹೋಗಿ ಹೇಳಬೇಕು. ನನ್ನ ಬಾಯಿಲೆ ಬ್ಯಾಡ.”

ಹೇಳುತ್ತೇನೆ ಅಂದೆ. ಹೇಳಲಿಲ್ಲ. ವರ್ಷಕ್ಕೊಮ್ಮೆ ಮೇಡಂ ಕೇಳುತ್ತಿದ್ದರು, “ಹೇಳಿದ್ರೇನ್ರಿ?” ಈ ಹಬ್ಬ ಆಗಲಿ, ಆ ಹಬ್ಬ ಆಗಲಿ ಅಂದೆ. ಆರೇಳು ವರ್ಷ ಕೇಳಿ, ಕೇಳುವುದು ಬಿಟ್ಟರು. ಬಿಟ್ಟದ್ದೇ ಭಾರವಾಯಿತು.

ಆ ಬರಹದಿಂದ ಏನಾಯಿತು ಅಂತ ಡಾಕ್ಟರರು ಹೇಳಿದರು. ಈಗ ಇಲ್ಲಿ ಯಾವ ಸಿಸ್ಟರೂ ಗಂಡನ ಹೆಸರು ಕೇಳುವುದಿಲ್ಲ. ತಾಯಿ ಹೆಸರು, ತವರೂರು, ಮೈಮೇಲಿನ ಹಚ್ಚೆ ಅಥವಾ ಕಲೆ — ಮೂರು ಪ್ರಶ್ನೆ. ನಮ್ಮ ಹೆಣ್ಣುಮಕ್ಕಳು ತಾಯಿ ಹೆಸರು ಕೇಳಿದರೆ ಮುಖ ಅರಳಿಸಿ ಹೇಳುತ್ತಾರೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೇಡಂ ವಾರ್ಡಿನಲ್ಲಿ ಕುಳಿತು ಕಂಡುಹಿಡಿದದ್ದು.

ಹೋದ ತಿಂಗಳು ಮೇಡಂ ಅವರಿಗೇ ರಕ್ತ ಏರಿಸಬೇಕಾಯಿತು. ನಾನು ಹಾಸಿಗೆ ಹತ್ತಿರ ಇದ್ದೆ. ಸಿಸ್ಟರ್ ಮುನ್ನಿ ಚೀಲ ಹಿಡಿದು ಸುಮ್ಮನೆ ನಿಂತಿದ್ದಳು.

“ಯಾಕಬೇ, ಕೇಳವಾ,” ಅಂದರು ಮೇಡಂ.

“ಮೇಡಂ, ನಿಮ್ಮ ಹೆಸರ ನಾ ಕೇಳೂದೇನ್ರಿ?”

“ನಾ ಯಾರು ಅಂತ ನಿನಗೇನ ಗೊತ್ತು? ಕೇಳು.”

ಕೇಳಿದಳು. ಉಸಿರು ಹಿಡಿದು ಹಿಡಿದು ಹೇಳಿದರು. ಹೆಸರು ಖುರ್ಷಿದಾ. ತಾಯಿ ಹೆಸರು ಫಾತಿಮಾಬಿ. ತವರು ಕುಷ್ಟಗಿ. “ಹಚ್ಚಿ ಇಲ್ಲ. ಗದ್ದದ ಮ್ಯಾಲೆ ಹೊಲಿಗಿ ಅದಾವ ನೋಡು, ನಮ್ಮ ಇಲಿಯಾಸ ಸಣ್ಣವಿದ್ದಾಗ ಕಲ್ಲ ಒಗದಿದ್ದ.” ಇಲಿಯಾಸ ಅವರೇ, ಅದನ್ನು ಹೇಳುವಾಗ ಅವರು ನಗುತ್ತಿದ್ದರು. ನಿಮಗೆ ತಿಳಿದಿರಲಿ.

ಆಮೇಲೆ ನನ್ನ ಕಡೆ ನೋಡಿದರು. ಕೇಳಲಿಲ್ಲ. ನೋಡಿದರು ಅಷ್ಟೆ. ನಾನು ತಲೆ ತಗ್ಗಿಸಿದೆ. ಎಂಟು ದಿನಕ್ಕೆ ಹೋದರು.

ಆ ಒಂಬತ್ತು ದಿನದ ಸಿಸ್ಟರ್ ಹೆಸರು ಫಕೀರಮ್ಮ. ಹದಿನಾರು ವರ್ಷದಿಂದ ಗಿಣಿಗೇರಾದ ಒಂದು ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ. ಇವತ್ತು ಮೇಡಂ ಸಲುವಾಗಿ ಬಂದಿದ್ದಾಳೆ. ಅಲ್ಲಿ, ಬಾಗಿಲ ಹತ್ತಿರ, ಕೊನೆಯ ಕುರ್ಚಿ. ಯಾರೂ ತಿರುಗಿ ನೋಡಬೇಡ್ರಿ, ಅವಳು ಎದ್ದು ಹೋಗುತ್ತಾಳೆ.

ಫಕೀರಮ್ಮ ಸಿಸ್ಟರ್, ನೀವು ಒಂದೊಂದೇ ಕೊಡಿ ಅಂದಿರಿ. ನಾನು ಎರಡೂ ತಳ್ಳಿದೆ. ರಿಜಿಸ್ಟರಿನಲ್ಲಿ ಬರೆದದ್ದು ಸುಳ್ಳು. ನೀವು ಹೇಳಿದ್ದನ್ನು ಯಾರೂ ನಂಬಲಿಲ್ಲ, ಯಾಕಂದರೆ ನಾನು ಬಾಯಿ ಬಿಡಲಿಲ್ಲ. ಕ್ಷಮಿಸಿ ಅಂತ ಕೇಳುವುದಿಲ್ಲ, ಅದು ಇನ್ನೊಂದು ಭಾರ ಹೊರಿಸಿದ ಹಾಗೆ. ಗೊತ್ತಿರಲಿ ಅಂತ ನಾಲ್ಕು ಜನರ ಮುಂದೆ ಹೇಳಿದೆ.

ಇನ್ನೊಂದು ಮಾತು. ಅವತ್ತು ಯಾರೂ ಕೇಳದೇ ಇದ್ದದ್ದನ್ನು ನಾನೇ ಹೇಳುತ್ತೇನೆ. ನನ್ನ ಹೆಂಡತಿಯ ಹೆಸರು ಹುಲಿಗವ್ವ. ತಾಯಿ ಮಾರೆಮ್ಮ. ತವರು ತಾವರಗೇರಾ. ಎಡಗೈ ಮೇಲೆ ಚೇಳಿನ ಹಚ್ಚೆ.

ಮೇಡಂ, ಹೇಳಿದೆನ್ರಿ.

ಈಗ ಡಾ. ಖುರ್ಷಿದಾ ಅವರಿಗಾಗಿ ಎರಡು ನಿಮಿಷ ಮಾತಿಲ್ಲದೆ ಇರೋಣ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿರಿ.

ಫಕೀರಮ್ಮ ಸಿಸ್ಟರ್ — ನೀವು ಕೂತಿರಿ. ನಾವು ನಿಲ್ಲುತ್ತೇವೆ.