ಉಡುತಡಿಯ ಸರಾಸರಿ ಓದು

ಶಿಕಾರಿಪುರದಲ್ಲಿ ಸೊರಬದ ಬಸ್ಸಿಗೆ ನಿಂತ ಸಾಲು ಹತ್ತಾರು ಮೈಲಿಯಾಚೆಯ ಬಂದಳಿಕೆಯನ್ನೇ ಮುಟ್ಟಿತ್ತು. ಸಾಲಿನ ತಲೆಯಲ್ಲಿ, ನನ್ನ ಮುಂದೆಯೇ ಇದ್ದವರು ಸಾಕ್ಷರತಾ ಸಮೀಕ್ಷೆಯ ಮೇಲ್ವಿಚಾರಕಿ ತುಂಗಮ್ಮ, ಸಮೀಕ್ಷಕ ಗುಡ್ಡಪ್ಪ. ನನ್ನ ಕಿವಿಯಿಂದ ಏನು ತಪ್ಪುತ್ತದೆ?

“ಉಡುತಡಿಗೆ ರಾತ್ರಿಶಾಲೆ ಬೇಡ ಅಂತ ಬರೆದಿದೀರಲ್ರೀ?”

“ನಾ ಕೇಳಿದ ಇಪ್ಪತ್ತೊಂದು ಜನ ಸರಾಸರಿ ಒಬ್ಬೊಬ್ರೂ ದಿನಾ ಹತ್ರಹತ್ರ ಅರ್ಧ ತಾಸು ಓದ್ತಾರ್ರೀ, ಅಮ್ಮಾರೇ.”

“ಯಾರ್ಯಾರು?”

“ಶೇಷಪ್ಪ ಮೇಷ್ಟ್ರು ಹತ್ತು ತಾಸು. ಉಳಿದೋರಿಗೆ ಅಕ್ಷರ ಬರಲ್ರೀ.”

“ಭಲೆ! ಮೇಷ್ಟ್ರ ಓದನ್ನ ಊರಿಗೆಲ್ಲ ಪ್ರಸಾದದ ಹಂಗೆ ಹಂಚಿದ್ರಾ?”

“ಹಂಗಾರೆ ಅವರನ್ನ ಲೆಕ್ಕದಿಂದ ತೆಗೀಲಾ?”

“ಅವರೇನು ಸತ್ರಾ? ಎಲ್ಲರನ್ನೂ ಓದಿನ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತೋರನ್ನ ನೋಡ್ರಿ.”

“ಅಲ್ಲಿ ದುರ್ಗಮ್ಮ ಬರ್ತಾಳೆ. ಹೆಬ್ಬೆಟ್ಟು.”

“ಮತ್ತೆ ಶಾಲೆ ಯಾರಿಗ್ರೀ? ಶೇಷಪ್ಪನಿಗಾ?”

ಬಸ್ಸು ಬಂತು. ಗುಡ್ಡಪ್ಪ ಮೆಟ್ಟಿಲ ಮೇಲೆ ಕಾಲಿಟ್ಟ.

“ಇಳೀರಿ! ದುರ್ಗಮ್ಮನಿಗೆ ಶಾಲೆ ಬೇಕು ಅಂತ ಬರೆದ ಮೇಲೆ ಹತ್ತುವಿರಂತೆ.”

ಇಬ್ಬರೂ ಕಚೇರಿಯತ್ತ ನಡೆದರು. ಅವರಿಗೆ ಸಿಗಬೇಕಿದ್ದ ಎರಡೂ ಸೀಟಿನಲ್ಲಿ ನಾನೊಬ್ಬನೇ ಕೂತೆ.