ಸುಣ್ಣದ ಗುರುತು

ಧಾರವಾಡದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲೇ ನಡೆದ ಮಾತು. ಅಮ್ಮಿನಬಾವಿಯ ಬಸ್ಸಿನಿಂದ ಇಳಿದ ತಾಯಿ, ಕಾಯುತ್ತಿದ್ದ ಮಗಳ ಮುಂದೆ ಚೀಲದಿಂದ ಹಿತ್ತಾಳೆಯ ಎಲೆಅಡಿಕೆ ಡಬ್ಬಿಯನ್ನು ಹೊರತೆಗೆದಳು. ಅದು ಫಳಫಳ ಹೊಳೆಯುತ್ತಿತ್ತು.

“ಇದನ್ನ ಯಾಕ ತಿಕ್ಕಿದಿ, ಅವ್ವಾ?”

“ಫೋಟೋ ಛಲೋ ಬಂದಿಲ್ಲ, ಮತ್ತೊಮ್ಮೆ ತೆಗೀಬೇಕು ಅಂದ್ಯಲ್ಲ. ಅದಕ್ಕ ಹುಣಸಿಹಣ್ಣು ಹಚ್ಚಿ ತಿಕ್ಕೀನಿ.”

“ಹೊಳಪು ಬ್ಯಾಡಾಗಿತ್ತು. ಫ್ಲ್ಯಾಶ್ ಹಾಕಬ್ಯಾಡ, ಕಿಟಕಿ ಬೆಳಕಿನ್ಯಾಗ ತೆಗಿ, ದಿನಾ ಬಳಸಿದ್ದು ಕಾಣಬೇಕು ಅಂದಿದ್ರು ಫೋಟೋ ಕಲಿಸೂ ನಮ್ಮ ಸರ್.”

“ಹಂಗಾರ ಕಿಟಕಿ ಹತ್ರ ಇಟ್ಟು ತೆಗಿ.”

“ಏನ್ ತೆಗೀಲಿ? ಆಯಿ ಎಲಿಗೆ ಸುಣ್ಣ ಹಚ್ಚಿ, ಬೆರಳಿಗೆ ಉಳಿದಿದ್ದನ್ನ ಈ ಡಬ್ಬಿಗೇ ಒರಸ್ತಿದ್ಲು. ಆಕಿ ಹೋಗಿ ತಿಂಗಳಾತು. ಆ ಗುರುತಷ್ಟ ಉಳಿದಿದ್ವು.”

ತಾಯಿ ಅಜ್ಜಿಯ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ನಾ ಹೊಲಸು ಅಂತ ತಿಳ್ಕೊಂಡೆ. ಆಕಿ ಇರೂತನಕಾ ಅದಕ್ಕ ಬೈತಿದ್ದೆ.”

“ಗೊತ್ತೈತಿ.”

“ಮೊದಲಿನ ಫೋಟೋದಾಗ ಅದಾವಲ್ಲ?”

“ಇಲ್ಲ. ಫ್ಲ್ಯಾಶಿನ ಬೆಳಕು ಸೀದಾ ಅದರ ಮ್ಯಾಲೇ ಬಿದ್ದೈತಿ. ಬರೇ ಬೆಳ್ಳಗ ಕಾಣತೈತಿ.”



“ಮತ್ತ ಸುಣ್ಣ ಹಚ್ಚೂಣೇನ, ಸೌಮ್ಯಾ?”

“ಯಾರ ಬೆರಳಿಲೆ, ಅವ್ವಾ?”

ಹುಬ್ಬಳ್ಳಿಯ ಬಸ್ಸು ಬಂತು. ಮಗಳು ಮುಂದೆ ನಡೆದಳು. ಹೊಳೆಯುವ ಹಿತ್ತಾಳೆಯ ಮೇಲೆ ತನ್ನ ಬೆರಳುಗಳ ಮಸುಕು ಗುರುತು ಮೂಡಿದ್ದನ್ನು ಕಂಡ ತಾಯಿ ಒರೆಸಲೆಂದು ಸೆರಗು ಹಿಡಿದವಳು, ಕೈ ತಡೆದು, ಡಬ್ಬಿಯನ್ನು ಹಾಗೆಯೇ ಎತ್ತಿಕೊಂಡು ಬಸ್ಸು ಹತ್ತಿದಳು.